ಬದುವಿನಾಚೆ ಹಾರುವ ಗುಂಡು



ಸೂರ್ಯಕಾಂತಿ ಕಾಳು ಕಟ್ಟುವ ಹೊತ್ತಿಗೆ ಗಿಳಿಗಳ ಹಿಂಡು ಇಳಿಯುತ್ತದೆ. ಮೆಕ್ಕೆಜೋಳ ಹಾಲುಗಾಳಾದರೆ ಮಂಗಗಳು ಬರುತ್ತವೆ. ಹೊಟ್ಟೆ ಉರಿಯುವುದು ಸಹಜವೇ. ಆ ಸಿಟ್ಟಿನಲ್ಲಿ ಪೇಟೆಯಿಂದ ಒಂದು ಗಾಳಿ ಬಂದೂಕು, ಅಂದರೆ ಏರ್‌ಗನ್ನು, ತಂದಿಟ್ಟುಕೊಂಡ ಮನೆಗಳು ಉಂಟು. “ಲೈಸೆನ್ಸ್ ಬೇಡ ಸ್ವಾಮಿ, ಮತ್ತೆ ಕಾನೂನಿನ ಗೊಡವೆ ಏನು?” ಎನ್ನುವವರೂ ಉಂಟು. ಇವತ್ತಿನ ಮಾತು ಅದರ ಮೇಲೆಯೇ.

ಲೈಸೆನ್ಸ್ ಬೇಡ ಎಂಬುದು ಎಲ್ಲಾ ಏರ್‌ಗನ್ನಿಗೂ ಸಲ್ಲುವ ಮಾತಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ರಂಧ್ರ 4.5 ಮಿಲಿಮೀಟರ್ ಮೀರಬಾರದು, ಗುಂಡಿನ ಶಕ್ತಿ 20 ಜೌಲ್ ಮೀರಬಾರದು. ಎರಡರಲ್ಲಿ ಯಾವುದೊಂದು ಮೀರಿದರೂ ಲೈಸೆನ್ಸ್ ಬೇಕು. 5.5 ಮಿಲಿಮೀಟರಿನದು ಲೈಸೆನ್ಸ್ ಬೇಕಾದ ಜಾತಿಯದು. 20 ಜೌಲ್ ಅಂದರೇನು? ಎರಡು ಕಿಲೋ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ನೆಲಕ್ಕೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಅಷ್ಟು. ಆ ಪೆಟ್ಟೆಲ್ಲಾ ಒಂದು ಕಾಳಿನಷ್ಟು ಜಾಗದ ಮೇಲೆ ಬಿದ್ದರೆ ಏನಾದೀತು, ನೀವೇ ಯೋಚಿಸಿರಿ. ಆಟಿಕೆ ಎಂದು ಇದನ್ನು ಕರೆಯುವವರ ಮಾತು ನನಗಂತೂ ಒಪ್ಪಿಗೆಯಿಲ್ಲ.

ನಮ್ಮ ಹಿಡುವಳಿಗಳು ಸಣ್ಣವು. ಒಂದು ಎಕರೆ ಚೌಕ ಹೊಲದ ಉದ್ದ ಸುಮಾರು 64 ಮೀಟರು. ಮೇಲಕ್ಕೆ ಹಾರಿಸಿದ ಸೀಸದ ಗುಂಡು ಇನ್ನೂರು ಮೀಟರನ್ನೂ ದಾಟಬಲ್ಲದು. ಅಂದರೆ ಮರದ ಮೇಲಿನ ಗಿಳಿಗೆ ಹೊಡೆದು ಗುರಿ ತಪ್ಪಿತೆನ್ನಿ, ಗುಂಡು ನಿಮ್ಮ ಬದು ದಾಟಿ, ಪಕ್ಕದವನ ಹೊಲ ದಾಟಿ, ಅದರಾಚೆ ಕಳೆ ಕೀಳುತ್ತಿರುವ ಹೆಂಗಸರ ನಡುವೆ ಬಿದ್ದೀತು. ಆಳೆತ್ತರದ ಜೋಳದೊಳಗೆ ಯಾರಿದ್ದಾರೆ ಎಂಬುದು ಹೊರಗೆ ನಿಂತವನಿಗೆ ಕಾಣುವುದೇ ಇಲ್ಲ.

ಬ್ರಿಟನ್ನಿನಲ್ಲಿ ಅನುಮತಿಯಿಲ್ಲದೆ ಗುಂಡು ತನ್ನ ಜಾಗದ ಎಲ್ಲೆ ದಾಟಿದರೆ ಅದೇ ಒಂದು ಅಪರಾಧ. ನಮ್ಮಲ್ಲಿಯೂ ತಪ್ಪಿಸಿಕೊಳ್ಳುವ ದಾರಿಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮು ನೋಡಿರಿ. ಇತರರ ಜೀವಕ್ಕೆ ಅಪಾಯವಾಗುವಷ್ಟು ದುಡುಕಿನಿಂದ ಅಥವಾ ಅಲಕ್ಷ್ಯದಿಂದ ನಡೆದುಕೊಂಡರೆ, ಯಾರಿಗೂ ತಗಲದಿದ್ದರೂ ಮೂರು ತಿಂಗಳವರೆಗೆ ಸಜೆಯಾಗಬಹುದು. ಗಾಯವಾದರೆ ಆರು ತಿಂಗಳವರೆಗೆ. ಒಂದು ಕಣ್ಣು ಹೋದರೂ ಅದು ಘೋರ ಗಾಯ. ಮೂರು ವರ್ಷದವರೆಗೆ ಸಜೆ, ಹತ್ತು ಸಾವಿರದವರೆಗೆ ದಂಡ. ಪೈರಿಗೆ ನುಗ್ಗಿದ ನೆರೆಯವನ ಎಮ್ಮೆಗೆ ಬೇಕೆಂದೇ ಹೊಡೆದು ಊನ ಮಾಡಿದರೆ 325ನೇ ಕಲಮಿನಂತೆ ಐದು ವರ್ಷದವರೆಗೂ ಆದೀತು.

ಇನ್ನು ಗಿಳಿ, ಮಂಗ, ನವಿಲುಗಳ ಮಾತು. ಇವೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕೊಲ್ಲುವುದಷ್ಟೇ ಅಲ್ಲ, ಗಾಯಪಡಿಸಿದರೂ ಅದು ಬೇಟೆಯೇ. ನವಿಲಿಗೆ ಹೊಡೆದವನಿಗೆ ಕನಿಷ್ಠ ಮೂರು ವರ್ಷದ ಸಜೆ. “ಹೊಲ ನನ್ನದು” ಎಂದರೆ ಮಾಫಿಯಿಲ್ಲ. ಹೀಗಿರುವಾಗ ಬೆಳೆ ಕಾಯಲು ಏರ್‌ಗನ್ನಿಗೆ ದುಡ್ಡು ಹಾಕುವುದು ದಂಡವೆಂದೇ ನನ್ನ ಎಣಿಕೆ. ಅಟ್ಟಣೆ ಕಾವಲು, ತಮಟೆ, ಬಿಸಿಲಿಗೆ ಮಿನುಗುವ ಪಟ್ಟಿಗಳು ಅದಕ್ಕಿಂತ ಮೇಲು. ಪಟ್ಟಿಯನ್ನು ಗಿಳಿ ಅಭ್ಯಾಸ ಮಾಡಿಕೊಳ್ಳುವ ಮೊದಲೇ ಜಾಗ ಬದಲಿಸುತ್ತಿರಬೇಕು, ಅಷ್ಟೆ.

ಹುಡುಗರು ಗುರಿ ಕಲಿಯುತ್ತೇವೆಂದರೆ ಬೇಡವೆನ್ನುವುದಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲೇ. ಆದರೆ ಹಲಗೆಯ ಹಿಂದೆ ಎತ್ತರದ ಮೆತ್ತನೆಯ ಮಣ್ಣಿನ ದಿಬ್ಬವಿರಲಿ. ಗಡಿಕಲ್ಲು, ಪಂಪ್‌ಸೆಟ್ಟಿನ ಕಬ್ಬಿಣ, ನೀರಿನ ಮೇಲೆ ಹೊಡೆದರೆ ಗುಂಡು ಸಿಡಿದು ಎತ್ತಲಾದರೂ ಹೋದೀತು. ನೆರೆಯವರ ಮನೆಯ ದಿಕ್ಕಿಗೂ ಗಾಡಿದಾರಿಯ ದಿಕ್ಕಿಗೂ ನಳಿಗೆ ತಿರುಗಲೇಬಾರದು. ದೊಡ್ಡವರೊಬ್ಬರು ಜೊತೆಗಿರಬೇಕು. ಮುಗಿದ ಮೇಲೆ ಗುಂಡು ತೆಗೆದು, ಬಂದೂಕನ್ನೂ ಗುಂಡಿನ ಡಬ್ಬಿಯನ್ನೂ ಬೇರೆಬೇರೆ ಕಡೆ ಬೀಗದಲ್ಲಿಡಿ.

ಅಕಸ್ಮಾತ್ ಕಣ್ಣಿಗೆ ತಗಲಿತೋ, ಉಜ್ಜಬೇಡಿ, ತೊಳೆಯಬೇಡಿ, ಎಣ್ಣೆ ಸೊಪ್ಪಿನ ರಸ ಬಿಡಬೇಡಿ, ಗುಂಡನ್ನು ಕೀಳಲು ಹೋಗಬೇಡಿ. ಕಣ್ಣಿಗೆ ಒತ್ತಡ ಬೀಳದಂತೆ ಒಂದು ಕಾಗದದ ಲೋಟವನ್ನು ಮೇಲೆ ಮುಚ್ಚಿ, ಪಟ್ಟಿ ಹಾಕಿ, 108ಕ್ಕೆ ಫೋನು ಮಾಡಿ, ಕಣ್ಣಿನ ಡಾಕ್ಟರು ಇರುವ ಆಸ್ಪತ್ರೆಗೇ ನೇರವಾಗಿ ಸಾಗಿಸಿರಿ.