ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ: ಕ್ಯಾರವೆಲ್ ವಿಮಾನದ ಕಥೆ

ಬೆಳಿಗ್ಗೆ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಮನೆಗೆ ಮರಳುವವರು ನಮ್ಮಲ್ಲೇ ಎಷ್ಟೋ ಮಂದಿ. ಆದರೆ ಆಸ್ಟ್ರೇಲಿಯಾದ ಒಳನಾಡಿನ ಮಾರ್ಗಗಳಿಗೆ ಜೆಟ್ ವಿಮಾನ ಬಂದದ್ದು 1964ರ ಕೊನೆಯಲ್ಲಿ. ಅದಕ್ಕೂ ಮೊದಲೇ ಬರಬಹುದಾಗಿದ್ದ ಜೆಟ್ ಒಂದಿತ್ತು. ಅದೇ ಫ್ರಾನ್ಸಿನ ಕ್ಯಾರವೆಲ್.

ಎರಡನೇ ಮಹಾಯುದ್ಧದಲ್ಲಿ ನಲುಗಿದ್ದ ಫ್ರಾನ್ಸ್, ಹೆಚ್ಚು ದೂರವಿಲ್ಲದ ಊರುಗಳ ನಡುವೆ ಹಾರುವ ಜೆಟ್ ಕಟ್ಟಲು ಹೊರಟಿತು. ಟೂಲೂಸ್‌ನ ಎಂಜಿನಿಯರುಗಳು ಮೊದಲು ಬಾಲದ ಬಳಿ ಮೂರು ಎಂಜಿನ್ ಇಡಲು ಯೋಚಿಸಿದ್ದರು. ಹೆಚ್ಚು ಶಕ್ತಿಯ ರೋಲ್ಸ್ ರಾಯ್ಸ್ ಏವನ್ ಎಂಜಿನ್ ದೊರೆತಾಗ ಎರಡೇ ಸಾಕಾದವು. ಎಂಜಿನ್‌ಗಳು ಹಿಂದೆ ಇದ್ದುದರಿಂದ ರೆಕ್ಕೆ ನಯವಾಗಿ ಉಳಿಯಿತು, ಮುಂದೆ ಕುಳಿತವರಿಗೆ ಸದ್ದೂ ಕಡಿಮೆ. ಮೂತಿಯ ಭಾಗವನ್ನು ಮಾತ್ರ ಬ್ರಿಟನ್ನಿನ ಕಾಮೆಟ್ ವಿಮಾನದಿಂದ ಎರವಲು ಪಡೆದರು. ಕಿಟಕಿಗಳು ತ್ರಿಕೋನಾಕಾರ, ಹತ್ತಿಳಿಯಲು ಬಾಲದಡಿಯಲ್ಲೇ ಮೆಟ್ಟಿಲು!

1955ರ ಮೇ 27ರಂದು ಪಿಯೆರ್ ನಾದೋ ಇದನ್ನು ಮೊದಲ ಬಾರಿಗೆ ಹಾರಿಸಿದರು. 1959ರಲ್ಲಿ ಏರ್ ಫ್ರಾನ್ಸ್ ಮತ್ತು ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆಗಳು ಪ್ರಯಾಣಿಕರನ್ನು ಕರೆದೊಯ್ಯತೊಡಗಿದವು.

ಇತ್ತ ಮೆಲ್ಬರ್ನ್‌ನಲ್ಲಿ ಕೇಂದ್ರ ಕಚೇರಿಯಿದ್ದ ಸರ್ಕಾರಿ ಸಂಸ್ಥೆ ಟಿಎಎ ಕ್ಯಾರವೆಲ್ ಬೇಕೆಂದು ಕೇಳಿತು. ಪ್ರತಿಸ್ಪರ್ಧಿ ಆನ್ಸೆಟ್-ಎಎನ್‌ಎಗೆ ಬೇಕಾಗಿದ್ದದ್ದು ಅಮೆರಿಕದ ಲಾಕ್‌ಹೀಡ್ ಎಲೆಕ್ಟ್ರಾ. ಅದು ಪ್ರೊಪೆಲರ್ ತಿರುಗಿಸುವ ಟರ್ಬೋಪ್ರಾಪ್. ಇಬ್ಬರಲ್ಲಿ ಯಾರ ಕೈಯೂ ಮೇಲಾಗಬಾರದೆಂಬುದು ಅಂದಿನ ‘ಎರಡು ವಿಮಾನ ಸಂಸ್ಥೆ’ ನೀತಿ. 1958ರಲ್ಲಿ ಮೆನ್ಜೀಸ್ ಸರ್ಕಾರ ಕ್ಯಾರವೆಲ್‌ಗೆ ಒಪ್ಪಿಗೆ ಕೊಡಲಿಲ್ಲ. ಇಬ್ಬರೂ ಎಲೆಕ್ಟ್ರಾ ಕೊಳ್ಳಬೇಕಾಯಿತು. ಯುರೋಪಿನವರು ಜೆಟ್‌ನಲ್ಲಿ ಓಡಾಡುತ್ತಿದ್ದಾಗ ಇಲ್ಲಿಯವರು ಇನ್ನೂ ಐದು ವರ್ಷ ಪ್ರೊಪೆಲರಿನ ಸದ್ದು ಕೇಳುತ್ತ ಕುಳಿತರು.

ಸ್ವಾರಸ್ಯವೆಂದರೆ, ಇಲ್ಲಿಗೆ ಬಾರದ ಕ್ಯಾರವೆಲ್ ನಮ್ಮ ತವರನ್ನು ತಲುಪಿತು! 1964ರಲ್ಲಿ ಇಂಡಿಯನ್ ಏರ್‌ಲೈನ್ಸ್ ಅದನ್ನು ಸೇವೆಗೆ ತಂದಿತು. ನಮ್ಮ ಹಿರಿಯರಲ್ಲಿ ಕೆಲವರು ಅದರಲ್ಲಿ ಕುಳಿತೂ ಇರಬಹುದು. ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ಅದೇ ವರ್ಷ ಆಸ್ಟ್ರೇಲಿಯಾದ ಎರಡೂ ಸಂಸ್ಥೆಗಳಿಗೆ ಬೋಯಿಂಗ್ 727 ಬಂತು, ಎರಡಕ್ಕೂ ಒಟ್ಟಿಗೇ. ಅದರ ಬಾಲದ ಬಳಿ ಮೂರು ಎಂಜಿನ್. ಟೂಲೂಸ್‌ನವರು ಮೊದಲು ಯೋಚಿಸಿದ್ದ ಹಾಗೆಯೇ! ಆ ಎರಡು ಸಂಸ್ಥೆಗಳ ನೀತಿ ಕೊನೆಗೊಂಡದ್ದು 1990ರಲ್ಲಿ. ಒಳ್ಳೆಯ ವಿಮಾನ ಕಟ್ಟಿದರಷ್ಟೇ ಸಾಲದು, ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರಬೇಕು. ಇಂದು ನಾವು ಟಿಕೆಟ್ ದರಗಳನ್ನು ಹೋಲಿಸಿ ನಮಗೊಪ್ಪುವ ಸಂಸ್ಥೆಯನ್ನು ಆರಿಸುತ್ತೇವಲ್ಲ, ಆ ಆಯ್ಕೆ ಈ ದೇಶಕ್ಕೆ ಸುಲಭವಾಗಿ ದಕ್ಕಿದ್ದಲ್ಲ.