ಜೆಬೆಲ್ ಅಲಿಯಲ್ಲಿ ಬೆಳಗಿನ ಜಾವದವರೆಗೂ ಆಟ

ಹಾರ್ಡ್ ಡಿಸ್ಕ್‌ನ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ, ನೀಲಿ ಪೆನ್ನಿನಲ್ಲಿ ‘ಆಟ – ಪೂರ್ತಿ’ ಎಂದು ಬರೆದಿತ್ತು. ಟಿ.ವಿ.ಗೆ ಸಿಕ್ಕಿಸಿದ್ದೇ ಒಂದೊಂದಾಗಿ ಯಕ್ಷಗಾನ ಪ್ರಸಂಗಗಳ ಹೆಸರುಗಳು ಬಂದವು: ಕೀಚಕ ವಧೆ, ಗದಾಯುದ್ಧ, ಭಸ್ಮಾಸುರ ಮೋಹಿನಿ, ಚಂದ್ರಹಾಸ, ನಾಗಶ್ರೀ. ಪ್ರತಿ ಹೆಸರಿನ ಮುಂದೆ ಮೇಳ ಯಾವುದು, ಆಟ ನಡೆದ ಊರು ಯಾವುದು, ಭಾಗವತರು ಯಾರು, ಚೆಂಡೆಗೆ ಯಾರಿದ್ದರು ಎಂಬ ವಿವರ. ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಾನು ಊರಿನ ಸಂಸ್ಥೆಗಳ ಕಪಾಟಿನಲ್ಲೂ ಅಪರೂಪಕ್ಕೆ ಕಂಡಿದ್ದೇನೆ. ಇದನ್ನು ಕೂಡಿಸಿಟ್ಟವರು ಬೈಂದೂರು ಕಡೆಯವರು. ದುಬೈಯ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ನಡೆಸುತ್ತಾರೆ. ಊರಿನ ಕಡೆಯ ಗೆಳೆಯರ ಜೊತೆ ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿನಲ್ಲಿ ವಾಸ. ಶನಿವಾರ ರಾತ್ರಿ ಊಟ ಮುಗಿಸಿ ಚಾಪೆ ಹಾಸಿದರೆ ಬೆಳಗಿನ ಜಾವದವರೆಗೂ ಅಲ್ಲಿ ಆಟ.

1979ರಲ್ಲಿ ಹಡಗಿನ ಬಂದರು, 1985ರಲ್ಲಿ ಮುಕ್ತ ವ್ಯಾಪಾರ ವಲಯ ಆದಮೇಲೆ ಜೆಬೆಲ್ ಅಲಿಗೆ ಹೋದ ಕರಾವಳಿಯವರಿಗೆ ಲೆಕ್ಕವಿಲ್ಲ. ಮೇಳಗಳ ತಿರುಗಾಟ ದೀಪಾವಳಿಯ ಆಚೀಚೆ ಹೊರಟು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ. ಇವರ ರಜೆಯೋ, ಸಾಮಾನ್ಯವಾಗಿ ಮಕ್ಕಳ ಶಾಲೆಯ ರಜೆಗೋ ಮನೆಯ ಮದುವೆಗೋ ಹೊಂದಿಕೊಂಡು ಬರುವಂಥದ್ದು. ಆಟದ ಕಾಲಕ್ಕೆ ಊರಲ್ಲಿರುವ ಯೋಗ ಅಪರೂಪ. ದುಬೈಯಲ್ಲಿ ವಾಟ್ಸ್‌ಆ್ಯಪ್ ವಿಡಿಯೊ ಕರೆ ನಡೆಯುವುದಿಲ್ಲ. ತಮ್ಮನೋ ಭಾವನೋ ರಂಗಸ್ಥಳದ ಎದುರು ಕೂತು ಫೋನ್ ಹಿಡಿದು ತೋರಿಸುತ್ತೇನೆಂದರೂ ಆಗದು. ಯೂಟ್ಯೂಬ್‌ನಲ್ಲಿ ನೇರಪ್ರಸಾರವಿದ್ದರೂ ನಮ್ಮ ರಾತ್ರಿ ಏಳು ಗಂಟೆಗೆ ಅಲ್ಲಿ ಸಂಜೆ ಐದೂವರೆ, ಪಾಳಿ ಇನ್ನೂ ಮುಗಿದಿರುವುದಿಲ್ಲ. ಹಾಗಾಗಿ ಅವರ ಪಾಲಿಗೆ ಯಕ್ಷಗಾನವೆಂದರೆ ಚಿತ್ರೀಕರಿಸಿದ ಯಕ್ಷಗಾನವೇ. ಚಿತ್ರೀಕರಣ ಕೆಟ್ಟರೆ ಅವರ ಪಾಲಿಗೆ ಆಟವೇ ಕೆಟ್ಟಂತೆ.

ನಾನು ಆ ಫ್ಲ್ಯಾಟಿನಲ್ಲಿದ್ದ ರಾತ್ರಿ ಹಾರ್ಡ್ ಡಿಸ್ಕಿನ ಒಡೆಯರು ನನಗೆ ಒಂದೇ ಕೀಚಕ ವಧೆಯ ಎರಡು ಪ್ರತಿ ತೋರಿಸಿದರು. ಒಂದೇ ಊರು, ಒಂದೇ ರಾತ್ರಿ, ಅದೇ ಕಲಾವಿದರು. ಮೊದಲನೆಯದು ಮೂರು ಕ್ಯಾಮೆರಾ ಇಟ್ಟು ತೆಗೆದು, ಎರಡು ಗಂಟೆಗೆ ಇಳಿಸಿದ್ದು. ಎರಡನೆಯದು ಯಾರೋ ಚಪ್ಪರದ ಕಂಬದ ಬಳಿ ಸ್ಟ್ಯಾಂಡ್ ಹಾಕಿ, ಇಡೀ ರಂಗಸ್ಥಳಕ್ಕೆ ಚೌಕಟ್ಟು ಕೂರಿಸಿ, ಅಲುಗಾಡಿಸದೆ ಬಿಟ್ಟದ್ದು. ಮೊದಲನೆಯದರಲ್ಲಿ ಸೈರಂಧ್ರಿಯನ್ನು ಕಂಡ ಕೀಚಕನ ಕಣ್ಣು ಪರದೆ ತುಂಬ ಬರುತ್ತದೆ. ಚೆಂದವೇ. ಆದರೆ ಕಿರೀಟದ ತುದಿ ಕತ್ತರಿಸಿದೆ, ಗೆಜ್ಜೆ ಕಾಲು ಚೌಕಟ್ಟಿನಿಂದ ಆಚೆಗಿದೆ, ಚೆಂಡೆ ಎಲ್ಲಿಂದಲೋ ಕೇಳುತ್ತದೆ. ಎರಡನೆಯದರಲ್ಲಿ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಆಟ ಕಟ್ಟುವ ಬಗೆ ಕಾಣುತ್ತದೆ. ವೇಷಧಾರಿ ಹೆಜ್ಜೆ ಬದಲಿಸುವ ಮೊದಲೇ ಭಾಗವತರು ಕುತ್ತಿಗೆ ಮುಂದಕ್ಕೆ ಚಾಚಿ ಅವನ ಪಾದ ನೋಡುತ್ತಾರೆ. ತಾಳ ಹಿಡಿದ ಕೈ ಒಂದು ಗೇಣು ಮೇಲೇಳುತ್ತದೆ. ಚೆಂಡೆಯವರು ಆ ಕೈಯನ್ನೇ ಕಾಯುತ್ತಿದ್ದಾರೆ. ಕೈ ಇಳಿದದ್ದೇ ಮೂವರೂ ಒಟ್ಟಿಗೆ ಬಿಡ್ತಿಗೆಗೆ ಬಂದು ನಿಲ್ಲುತ್ತಾರೆ.

“ಭಾಗ್ವತ್ರು ಕಾಣ್ದೇ ಇದ್ರೆ ಅದ್ ಎಂತ ಆಟ ಮಾರಾಯ್ರೆ?” ಎಂದರು ಅವರು.

ನನಗೆ ಬೇಕಾಗಿದ್ದ ಮಾತು ಅದೇ. ಸಿನಿಮಾದಲ್ಲಿ ಹಾಡುವವರು ತೆರೆಯ ಹಿಂದಿರುತ್ತಾರೆ, ಯಕ್ಷಗಾನದಲ್ಲಿ ಹಾಡೇ ಆಟವನ್ನು ನಡೆಸುತ್ತದೆ. ಹಿಮ್ಮೇಳವನ್ನು ಚೌಕಟ್ಟಿನಿಂದ ಹೊರಗಿಟ್ಟ ಚಿತ್ರೀಕರಣ ಎಷ್ಟೇ ಹೊಳಪಿನದಾದರೂ ಅರ್ಧ ಆಟ.

ನೋಡುತ್ತ ನೋಡುತ್ತ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಳೆಯ ಫೈಲುಗಳು ಹೆಚ್ಚಾಗಿ ಅರ್ಧ ಗಂಟೆಯ ತುಂಡುಗಳು. ಪದ್ಯದ ನಡುವೆ, ಒಮ್ಮೆ ಅರ್ಥಧಾರಿಯ ಮಾತಿನ ಮಧ್ಯದಲ್ಲೇ ಪರದೆ ಕಪ್ಪಾಗಿ, ಮತ್ತೆ ಬೆಳಕಾಗುವಾಗ ಎರಡು ಮೂರು ಸಾಲು ಹೋಗಿಯೇ ಇರುತ್ತದೆ. ಇದಕ್ಕೆ ಕಾರಣ ಕರಾವಳಿಯ ಕ್ಯಾಮೆರಾದವರ ಅಜಾಗ್ರತೆಯಲ್ಲ, ಯುರೋಪಿನ ಸುಂಕದ ಪುಸ್ತಕ. ಅಲ್ಲಿ ಫೋಟೊ ಕ್ಯಾಮೆರಾಕ್ಕೆ ಆಮದು ಸುಂಕವಿರಲಿಲ್ಲ, ವಿಡಿಯೊ ಕ್ಯಾಮೆರಾಕ್ಕೆ ಇತ್ತು. ಒಳ್ಳೆಯ ಗುಣಮಟ್ಟದ ವಿಡಿಯೊವನ್ನು ಒಂದೇ ಓಟದಲ್ಲಿ 30 ನಿಮಿಷ ತೆಗೆಯಬಲ್ಲದ್ದು ವಿಡಿಯೊ ಕ್ಯಾಮೆರಾ ಎಂದು ವಿಂಗಡಿಸಿದರು. ತಯಾರಕರು ತಮ್ಮ ಫೋಟೊ ಕ್ಯಾಮೆರಾಗಳನ್ನು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುವಂತೆ ಮಾಡಿದರು. ಆ ಕ್ಯಾಮೆರಾಗಳು ಜಗತ್ತಿನ ತುಂಬ ಮಾರಾಟವಾದವು, ಮಂದಾರ್ತಿಯ ಹರಕೆ ಆಟಕ್ಕೂ ಬಂದವು. 2008ರ ಕ್ಯಾನನ್ 5ಡಿ ಮಾರ್ಕ್ 2ರಲ್ಲಂತೂ ಒಂದು ಫೈಲು 4 ಜಿಬಿ ದಾಟುವಂತಿರಲಿಲ್ಲ. ಹೈ ಡೆಫಿನಿಷನ್‌ನಲ್ಲಿ ಸುಮಾರು 12 ನಿಮಿಷಕ್ಕೆ ನಿಂತೇಹೋಗುತ್ತಿತ್ತು. ಅದರ ಹಿಂದಿನ ಮಿನಿ ಡಿವಿ ಕ್ಯಾಸೆಟ್ಟು ಒಂದು ಗಂಟೆಯದು, ವಿಎಚ್‌ಎಸ್ ಸಾಮಾನ್ಯವಾಗಿ ಮೂರು ಗಂಟೆಯದು. ರಾತ್ರಿ ಶುರುವಾಗಿ ಬೆಳಕು ಹರಿಯುವಾಗ ಮಂಗಳವಾಗುವ ಕಲೆಯನ್ನು ಯಾವ ಯಂತ್ರವೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆಟದ ಚಿತ್ರೀಕರಣದ ಈ ಕಥೆಯಲ್ಲಿ ಜೆಬೆಲ್ ಅಲಿಯ ಪಾಲೂ ಇದೆ. ಕೊಲ್ಲಿಯ ದೇಶಗಳಿಗೆ ಹೋಗುವ ಎಲೆಕ್ಟ್ರಾನಿಕ್ಸ್ ಸರಕಿಗೆ ಈ ಮುಕ್ತ ವಲಯವೇ ಹೆಬ್ಬಾಗಿಲು; ಸೋನಿ ಕಂಪನಿಯ ಕೊಲ್ಲಿ ಪ್ರದೇಶದ ಶಾಖೆಯೂ ಇಲ್ಲಿಯೇ ನೆಲೆಯೂರಿತ್ತು. ನಮ್ಮೂರುಗಳಲ್ಲಿ ಆಟವನ್ನು ಮೊದಮೊದಲು ವಿಡಿಯೊ ಮಾಡಿದ ಎಷ್ಟೋ ಹ್ಯಾಂಡಿಕ್ಯಾಮುಗಳು ಕೊಲ್ಲಿಯಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲೇ ಬಂದವು. ಮನೆಯ ಸೇವೆಯಾಟಕ್ಕೆ ಅಣ್ಣ ಕ್ಯಾಮೆರಾ ತರುತ್ತಿದ್ದ, ಕ್ಯಾಸೆಟ್ಟಿನ ಒಂದು ಪ್ರತಿ ಅವನ ಜೊತೆಗೇ ವಾಪಸು ಹೋಗುತ್ತಿತ್ತು.

ಹೊರಗಿನ ಜಗತ್ತಿನಲ್ಲೂ ರಂಗಪ್ರದರ್ಶನವನ್ನು ಕ್ಯಾಮೆರಾದಲ್ಲಿ ಹಿಡಿಯುವ ಕೆಲಸಕ್ಕೆ ದೊಡ್ಡ ಚರಿತ್ರೆಯಿದೆ. 1955ರ ಮಾರ್ಚ್ 7ರಂದು ಅಮೆರಿಕದ ಎನ್‌ಬಿಸಿ ‘ಪೀಟರ್ ಪ್ಯಾನ್’ ಸಂಗೀತ ನಾಟಕವನ್ನು ನೇರಪ್ರಸಾರ ಮಾಡಿದಾಗ ಸುಮಾರು 6.5 ಕೋಟಿ ಜನ ನೋಡಿದರು. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ 1970ರಿಂದ ರಂಗಪ್ರಯೋಗಗಳನ್ನು ಚಿತ್ರೀಕರಿಸಿ ಇಡುತ್ತ ಬಂದಿದೆ. ಅವನ್ನು ಅಲ್ಲೇ ಕೂತು ನೋಡಬೇಕು, ಮನೆಗೆ ಒಯ್ಯುವಂತಿಲ್ಲ. 2009ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ತನ್ನ ನಾಟಕಗಳನ್ನು ಸಿನಿಮಾ ಮಂದಿರಗಳಿಗೆ ಕಳಿಸಲು ಶುರುಮಾಡಿತು. ‘ಹ್ಯಾಮಿಲ್ಟನ್’ ಸಂಗೀತ ನಾಟಕವನ್ನು 2016ರ ಜೂನ್‌ನಲ್ಲಿ ಬ್ರಾಡ್ವೇಯ ರಂಗಮಂದಿರದಲ್ಲೇ ಚಿತ್ರೀಕರಿಸಿದರು. ಜನ ತುಂಬಿದ ಪ್ರದರ್ಶನಗಳನ್ನು ತೆಗೆದು, ನಡುವೆ ಖಾಲಿ ಮಂದಿರದಲ್ಲಿ ಕ್ಯಾಮೆರಾವನ್ನು ವೇದಿಕೆಗೇ ಹತ್ತಿಸಿ ಕೆಲವು ಹಾಡುಗಳನ್ನು ಮತ್ತೆ ತೆಗೆದರು. 2020ರ ಜುಲೈ 3ರಂದು ಅದು ಡಿಸ್ನಿ ಪ್ಲಸ್‌ಗೆ ಬಂತು.

ವಿಡಿಯೊ ಬಂದರೆ ಆಟಕ್ಕೆ ಜನ ಬರುವುದಿಲ್ಲ ಎನ್ನುವವರು ಮುಂದಿನದನ್ನೂ ಗಮನಿಸಬೇಕು. ಹ್ಯಾಮಿಲ್ಟನ್ ಮೊಬೈಲಿನಲ್ಲೇ ಸಿಗುತ್ತಿದ್ದ ಕಾಲದಲ್ಲಿ, 2024ರ ಜನವರಿಯಲ್ಲಿ, ಅದರ ತಂಡ ಅಬುಧಾಬಿಯ ಎತಿಹಾದ್ ಅರೀನಾಕ್ಕೆ ಬಂದು ವಾರಗಟ್ಟಲೆ ಪ್ರದರ್ಶನ ಕೊಟ್ಟಿತು. ಇದಕ್ಕೆ ತದ್ವಿರುದ್ಧವಾದದ್ದು ಜೆಬೆಲ್ ಅಲಿಯ ಹತ್ತಿರದಲ್ಲೇ ಇತ್ತು. ಅಬುಧಾಬಿ ಕಡೆಯ ಹೆದ್ದಾರಿಯಲ್ಲಿ ಸಿಗುವ ದುಬೈ ಪಾರ್ಕ್ಸ್‌ನಲ್ಲಿ ಬಾಲಿವುಡ್ ಪಾರ್ಕ್ಸ್ ಎಂಬ ಭಾಗವಿತ್ತು. ಅದರ ರಾಜಮಹಲ್ ರಂಗಮಂದಿರದಲ್ಲಿ 800ಕ್ಕೂ ಹೆಚ್ಚು ಆಸನ. ‘ಜಾನ್-ಎ-ಜಿಗರ್’ ಎಂಬ ಬಾಲಿವುಡ್ ಸಂಗೀತ ನಾಟಕ ಅಲ್ಲಿ ನಡೆಯುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಬಾಲಿವುಡ್ ಪಾರ್ಕ್ಸ್ ಮುಚ್ಚಿತು. ಇಂಥ ಮಂದಿರವೊಂದು ಬಾಗಿಲು ಹಾಕಿದ ದಿನ, ಚೆನ್ನಾಗಿ ಚಿತ್ರೀಕರಿಸಿಟ್ಟಷ್ಟು ಮಾತ್ರ ಆ ನಾಟಕ ಉಳಿಯುತ್ತದೆ.

ನಮ್ಮಲ್ಲಿಯೇ ಇದಕ್ಕಿಂತ ನೋವಿನ ಉದಾಹರಣೆಯಿದೆ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32ರ ಆಸುಪಾಸು. ಅವರ ಕಂಠ ಧ್ವನಿಸುರುಳಿಗಳಲ್ಲಿ ಉಳಿದು ಇಂದಿಗೂ ಮನೆಮನೆಯಲ್ಲಿದೆ. ಆದರೆ ವೇಷವನ್ನು ಅವರು ಕಣ್ಣಿನಲ್ಲೇ ಕುಣಿಸುತ್ತಿದ್ದ ಬಗೆಯನ್ನು ಹಿರಿಯರ ಬಾಯಲ್ಲಿ ಕೇಳಬೇಕೇ ಹೊರತು ನೋಡಲು ಸಿಗುವುದು ಕಡಿಮೆ. ಅವರ ಕಾಲದ ಒಂದು ಇಡೀ ರಾತ್ರಿಯನ್ನು ಒಂದೇ ಒಂದು ಕ್ಯಾಮೆರಾ ಕದಲದೆ ನೋಡಿದ್ದರೆ ಇವತ್ತಿನ ಎಳೆಯ ಭಾಗವತರಿಗೆ ಅದೊಂದು ಪಾಠಶಾಲೆಯಾಗುತ್ತಿತ್ತು.

ಪಾಠದ ಮಾತು ಸುಮ್ಮನೆ ಹೇಳಿದ್ದಲ್ಲ. ದುಬೈಯಲ್ಲಿ ಯಕ್ಷಗಾನ ಅಭ್ಯಾಸ ಕೇಂದ್ರವಿದೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಗೆಜ್ಜೆ ಕಟ್ಟುತ್ತಾರೆ. ಅಂಥ ಮಕ್ಕಳು ಗುರುಗಳು ಹೇಳಿಕೊಟ್ಟದ್ದನ್ನು ಮನೆಯಲ್ಲಿ ವಿಡಿಯೊ ನೋಡಿ ತಿದ್ದಿಕೊಳ್ಳಬೇಕಾದರೆ ಪಾದ ಕಾಣಬೇಕು. ಪಾದ ಕಾಣಬೇಕಾದರೆ ಕ್ಯಾಮೆರಾದವರು ಮುಖದ ಮೋಹ ಬಿಡಬೇಕು.

ಹಾಗೆಂದು ಹತ್ತಿರದ ನೋಟವೇ ಬೇಡವೆಂದು ನಾನು ವಾದಿಸುವುದಿಲ್ಲ. ತೆಂಕಿನ ಬಣ್ಣದ ವೇಷದ ಚಿಟ್ಟಿಯನ್ನು, ಆ ಬಿಳಿ ಮುಳ್ಳುಗಳ ಸಾಲನ್ನು, ಕೊನೆಯ ಸಾಲಿನಲ್ಲಿ ಕೂತವರು ಕಂಡದ್ದೇ ಇಲ್ಲ, ಕ್ಯಾಮೆರಾ ತೋರಿಸಿತು. ಅದಕ್ಕೆ ಇನ್ನೊಂದು ಕ್ಯಾಮೆರಾ ಇರಲಿ. ಆದರೆ ಮೂಲದ ಕ್ಯಾಮೆರಾ ಇಡೀ ರಂಗಸ್ಥಳವನ್ನು ಬಿಟ್ಟು ಕದಲಬಾರದು, ಅದರ ಫೈಲನ್ನು ಕತ್ತರಿಸದೆ ಹಾಗೇ ಕಾಪಿಡಬೇಕು.

ಧ್ವನಿಯದು ಇದಕ್ಕಿಂತ ದೊಡ್ಡ ಸಮಸ್ಯೆ. ಕ್ಯಾಮೆರಾದ ಮೈಕು ಶಬ್ದದ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಚೆಂಡೆ ಮೊಳಗಿದ ಕೂಡಲೇ ಎಲ್ಲವನ್ನೂ ಅದುಮಿಬಿಡುತ್ತದೆ. ಚೆಂಡೆ ನಿಂತು ಮಾತು ಶುರುವಾದಾಗ ಮೊದಲ ಶಬ್ದಗಳು ಪಿಸುಗುಟ್ಟಿದಂತೆ ಕೇಳುತ್ತವೆ. ಮೇಳದ ಧ್ವನಿವರ್ಧಕದ ಮಿಕ್ಸರಿನಿಂದ ಒಂದು ವೈರು ಎಳೆದು, ಮಟ್ಟವನ್ನು ಕೈಯಲ್ಲೇ ಕೂರಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಖರ್ಚು ಹೆಚ್ಚಲ್ಲ, ಒಬ್ಬರು ಗಮನವಿಟ್ಟು ಕೂರಬೇಕು, ಅಷ್ಟೆ.

ಕೊನೆಯದಾಗಿ ಹಣದ ಮಾತು, ಅದನ್ನು ಆಡಲೇಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮು ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿತು. ಆಟವನ್ನು ಚಿತ್ರೀಕರಿಸಿ ಹಣ ಮಾಡುವವರು ಕಲಾವಿದರನ್ನು ಕೇಳಬೇಕು, ಅವರ ಪಾಲು ಕೊಡಬೇಕು. ಚೌಕಿಯಲ್ಲಿ ಮಧ್ಯರಾತ್ರಿ ಬಣ್ಣ ಹಚ್ಚಿ ಕೂತವನ ಶ್ರಮವನ್ನು ಲಕ್ಷ ಜನ ನೋಡಿದರೂ ಅವನಿಗೆ ಆ ರಾತ್ರಿಯ ಸಂಬಳವಷ್ಟೇ ಸಿಗುವುದು ನ್ಯಾಯವಲ್ಲ.

ಒಳ್ಳೆಯ ಪ್ರತಿಗೆ ದುಡ್ಡು ಕೊಡುವವರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಾಗವತರನ್ನು ಬಿಡದೆ, ಪಾದವನ್ನು ಕತ್ತರಿಸದೆ, ಮಂಗಳದವರೆಗೂ ತೆಗೆದ ಆಟಕ್ಕೆ ಬೆಲೆ ಕೊಡುತ್ತೇವೆಂದು ಆ ಫ್ಲ್ಯಾಟಿನಲ್ಲಿದ್ದ ಪ್ರತಿಯೊಬ್ಬರೂ ನನಗೆ ಹೇಳಿದರು. ಮುಂದಿನ ತಿರುಗಾಟಕ್ಕೆ ಗೆಜ್ಜೆ ಕಟ್ಟುವ ಮೊದಲೇ ಮೇಳದ ಯಜಮಾನರು ಕಲಾವಿದರನ್ನು ಕೂರಿಸಿಕೊಂಡು ಒಂದು ಕರಾರು ಬರೆಯಲಿ. ವರ್ಷಕ್ಕೆ ನಾಲ್ಕೇ ಆಟವಾದರೂ ಸರಿ, ಪೂರ್ತಿಯಾಗಿ ದಾಖಲಾಗಲಿ.