ಇರುವೆಗೂಡಿನಲ್ಲಿ ಬೆಳೆಯುವ ನೀಲಿ ಚಿಟ್ಟೆ

ಯೂರೋಪಿನ ಬಿಸಿಲು ಬೀಳುವ ಹುಲ್ಲುಗಾವಲುಗಳಲ್ಲಿ ಜೂನ್, ಜುಲೈ ಮಾಸಗಳಲ್ಲಿ ಹಾರಾಡುವ ನೀಲಿ ಚಿಟ್ಟೆಗಳು ಹಲವಿದ್ದರೂ, ಮುಂದಿನ ರೆಕ್ಕೆಯ ಮೇಲ್ಮೈಯಲ್ಲಿ ದಪ್ಪನೆಯ ಕಪ್ಪು ಬೊಟ್ಟುಗಳ ಸಾಲನ್ನೂ, ರೆಕ್ಕೆ ಮಡಿಸಿದಾಗ ಕಾಣುವ ಬೂದುಬಣ್ಣದ ಕೆಳಮೈಯ ಬುಡದಲ್ಲಿ ಹಸಿರುಮಿಶ್ರಿತ ನೀಲಿಯ ಧೂಳನ್ನೂ ಕಂಡಿರಾದರೆ, ಅದು ಲಾರ್ಜ್ ಬ್ಲೂ ಎಂದು ತಿಳಿಯಿರಿ.

ರೂಪಕ್ಕಿಂತ ಇದರ ಚರಿತ್ರೆಯೇ ವಿಚಿತ್ರವಾದುದು. ಹೆಣ್ಣು ಚಿಟ್ಟೆಯು ಕಾಡು ಥೈಮ್ ಗಿಡದ ಮೊಗ್ಗುಗಳ ನಡುವೆ ಮೊಟ್ಟೆಯಿಡುವುದು; ಮರಿಹುಳು ಸುಮಾರು ಮೂರು ವಾರ ಹೂವನ್ನೇ ತಿಂದು, ಕಡೆಯ ಪೊರೆ ಕಳಚಿದ ಮೇಲೆ ನೆಲಕ್ಕುರುಳಿ, ಸಿಹಿರಸದ ಹನಿಯನ್ನು ಒಸರಿಸುತ್ತ ಕಾಯುವುದು. ಅದನ್ನು ತನ್ನ ಶಿಶುವೆಂದೇ ಭ್ರಮಿಸಿದ ಮಿರ್ಮಿಕಾ ಕುಲದ ಕೆಂಪಿರುವೆ ಗೂಡಿಗೆ ಹೊತ್ತೊಯ್ಯಲು, ಈ ಕೃತಘ್ನ ಅತಿಥಿಯು ಸುಮಾರು ಹತ್ತು ತಿಂಗಳ ಕಾಲ ಆತಿಥೇಯರ ಮರಿಗಳನ್ನೇ ಭಕ್ಷಿಸಿ ಕೊಬ್ಬುವುದು! ಕೋಶಾವಸ್ಥೆಯೂ ಅಲ್ಲಿಯೇ. ಬೇಸಗೆಯಲ್ಲಿ ಚಿಟ್ಟೆಯು ಮುದುಡಿದ ರೆಕ್ಕೆಗಳೊಡನೆ ತೆವಳಿ ಹೊರಬಂದು, ಹುಲ್ಲುಕಡ್ಡಿಯನ್ನೇರಿ ರೆಕ್ಕೆ ಬಿಡಿಸುವುದು. ಬಳಿಕ ಅದರ ಬದುಕು ಕೆಲವೇ ದಿನ.

ಬ್ರಿಟನ್ನಿನಲ್ಲಿ ಮೊಲಗಳೂ ದನಕುರಿಗಳೂ ಮೇಯುವುದು ಕುಗ್ಗಿ, ಹುಲ್ಲು ಬೆಳೆದು ನೆಲ ತಂಪಾಗಲು, ಬಿಸಿಮಣ್ಣನ್ನು ಬಯಸುವ ಆ ಇರುವೆ ಮರೆಯಾಯಿತು. ಅದರ ಹಿಂದೆಯೇ, 1979ರಲ್ಲಿ, ಚಿಟ್ಟೆಯೂ ಅಲ್ಲಿ ನಿರ್ನಾಮವಾಯಿತು. ಈ ಕಾರ್ಯಕಾರಣವನ್ನು ಬಿಡಿಸಿದವರು ಜೆರೆಮಿ ಥಾಮಸ್ ಎಂಬ ಕೀಟತಜ್ಞರು. 1983ರಿಂದ ಸ್ವೀಡನ್ನಿನ ಸಂತತಿಯನ್ನು ತಂದು ನೆಲೆಗೊಳಿಸಿದುದರ ಫಲವಾಗಿ, ಸಾಮರ್ಸೆಟ್ ಪ್ರಾಂತದ ಕೊಲಾರ್ಡ್ ಗುಡ್ಡದ ಇಳಿಜಾರಿನಲ್ಲಿ ಈಗ ಅದು ಮತ್ತೆ ಹಾರುತ್ತಿದೆ.